ಮೂರಡಿ ಸಂದಿಯ ಲೆಕ್ಕ

ಇಲ್ಲಿ ಕುಳಿತವರಲ್ಲಿ ಬಿಡಿ ಮನೆಯಲ್ಲಿ ಇರುವವರು ಒಮ್ಮೆ ಕೈ ಎತ್ತಿ. ಹತ್ತಿರ ಹತ್ತಿರ ಅರ್ಧ ಸಭೆ. ಈಗ ಇನ್ನೊಂದು ಪ್ರಶ್ನೆ. ಮನೆಗೂ ಕಾಂಪೌಂಡಿಗೂ ನಡುವೆ ಎರಡೂ ಬದಿಗೆ ಸಂದಿ ಬಿಟ್ಟಿದ್ದೀರಲ್ಲ, ಎರಡೂವರೆ ಅಡಿಯೋ ಮೂರು ಅಡಿಯೋ, ಅದರಲ್ಲಿ ಈಗ ಏನಿದೆ?

ಖಾಲಿ ಸಿಲಿಂಡರ್. ಹಳೆ ಕೂಲರ್. ಮನೆ ಕಟ್ಟಿದಾಗ ಉಳಿದ ಶಹಾಬಾದ್ ಫರ್ಸಿ. ಯಾರೋ ಹಿಂದಿನಿಂದ ಹೇಳಿದರು, ಹೆಗ್ಗಣ ಅಂತ. ಅದೂ ಸರಿ.

ಇವತ್ತು ನಾನು ಮಾತಾಡಬೇಕಾದದ್ದು ಹೊಸ ಬಡಾವಣೆಗಳಲ್ಲಿ ಮನೆ ಕೊಳ್ಳುವಾಗ ಸಾಲುಮನೆ ತಗೊಳ್ಳಬೇಕೋ ಬಿಡಿ ಮನೆ ತಗೊಳ್ಳಬೇಕೋ ಅನ್ನುವುದರ ಬಗ್ಗೆ. ಕಲಬುರಗಿ ರಿಂಗ್ ರೋಡ್ ದಾಟಿದರೆ ಈಗ ಯಾವ ದಿಕ್ಕಿಗೆ ಹೋದರೂ ಕಮಾನು ಕಟ್ಟಿ, ಗೇಟು ಹಾಕಿ, ಒಳಗೆ ರಸ್ತೆ, ಪಾರ್ಕು ಮಾಡಿದ ಲೇಔಟುಗಳು ಕಾಣುತ್ತವೆ. ಕೆಲವದರಲ್ಲಿ ಎರಡೂ ನಮೂನೆಯ ಮನೆ ಇರುತ್ತವೆ. ಗೋಡೆಗೆ ಗೋಡೆ ಹತ್ತಿದ ರೋ ಹೌಸ್ ಒಂದು ಕಡೆ, ನಾಲ್ಕೂ ಬದಿ ಜಾಗ ಬಿಟ್ಟ ಮನೆ ಇನ್ನೊಂದು ಕಡೆ. ಜನ ನನ್ನ ಹತ್ತಿರ ನಕಾಶೆ ತಗೊಂಡು ಬರುತ್ತಾರೆ. ಬಂದವರು ಮೊದಲು ಹೇಳುವ ಮಾತು ಒಂದೇ. "ಸರ್, ಒಂದ್ ಗ್ವಾಡಿ ನಂದು, ಇನ್ನೊಂದ್ ಗ್ವಾಡಿ ಬಾಜೂದವ್ರದು ಅಂದ್ರ ಅದು ಸ್ವಂತ ಮನಿ ಹ್ಯಾಂಗ್ ಆಗ್ತದ್ರಿ?"

ಈ ಮಾತು ಕೇಳಿದಾಗೆಲ್ಲ ನನಗೆ ನನ್ನ ತಂದೆಯ ಮನೆ ನೆನಪಾಗುತ್ತದೆ. ಇದೇ ಊರಿನ ಬ್ರಹ್ಮಪುರದ ಗಲ್ಲಿಯೊಳಗಿನ, ಮೇಲೆ ಮಣ್ಣು ಹೇರಿದ ಮಾಳಿಗೆ ಮನೆ. ಬಲಕ್ಕೆ ಕಾಕಾನ ಮನೆ, ಎಡಕ್ಕೆ ಬೇರೆಯವರದು. ಎರಡೂ ಗೋಡೆ ಸಾಮಾಯಿಕ, ಅಂದರೆ ನಮಗೂ ಪಕ್ಕದವರಿಗೂ ಸೇರಿ ಒಂದೇ ಗೋಡೆ. ಕಲ್ಲಿನ ಗೋಡೆ, ಎರಡು ಅಡಿ ದಪ್ಪ. ಬೆಳಕು, ಗಾಳಿ ಬರುತ್ತಿದ್ದದ್ದು ನಡುವಿನ ಅಂಗಳದಿಂದ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ಚಾಪೆ ಹಾಸಿ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದೆವು. ಅದನ್ನು ಸ್ವಂತ ಮನೆ ಅಲ್ಲ ಅಂತ ಯಾರೂ ಅಂದಿರಲಿಲ್ಲ.

ಆಮೇಲೆ ನಾನು ಇಂಜಿನಿಯರ್ ಆದೆ. ಸೇಡಂ ರಸ್ತೆ ಕಡೆ 30×40ರ ಪ್ಲಾಟ್ ತಗೊಂಡು ಬಿಡಿ ಮನೆ ಕಟ್ಟಿದೆ. ಮನೆಯ ಮುಖ ಉತ್ತರಕ್ಕೆ. ಹಾಗಾಗಿ ಉದ್ದನೆಯ ಎರಡು ಗೋಡೆಗಳಲ್ಲಿ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಬಂತು. ಪಕ್ಕದ ಪ್ಲಾಟ್ ಖಾಲಿ. ಪಶ್ಚಿಮದ ಗೋಡೆಗೆ ಹತ್ತಿ ಮಗನ ಕೋಣೆ. ಮೊದಲನೇ ಬೇಸಿಗೆಯಲ್ಲೇ ಗೊತ್ತಾಯಿತು. ರಾತ್ರಿ 10 ಗಂಟೆಗೆ ಆ ಗೋಡೆಗೆ ಕೈ ಇಟ್ಟರೆ ಹಂಚಿನ ಹಾಗೆ ಸುಡುತ್ತಿತ್ತು. ಮಗು ಹಾಸಿಗೆ ಎಳಕೊಂಡು ಬಂದು ಹಾಲಿನಲ್ಲಿ ಮಲಗುತ್ತಿತ್ತು.

ರಾತ್ರಿ ಯಾಕೆ ಸುಡುತ್ತದೆ? ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಹೊರಗಿನ ಬಿಸಿಯನ್ನು ಒಳಗೆ ಮುಟ್ಟಿಸಲು ಸುಮಾರು ಆರೇಳು ಗಂಟೆ ತಗೊಳ್ಳುತ್ತದೆ. ಮಧ್ಯಾಹ್ನ 3 ಗಂಟೆಯ ಬಿಸಿಲು ಒಳಗಿನ ಮೈಗೆ ಬರುವುದು ರಾತ್ರಿ ಒಂಬತ್ತು, ಹತ್ತಕ್ಕೆ. ಸರಿಯಾಗಿ ನಾವು ಮಲಗುವ ಹೊತ್ತಿಗೆ. ಸುಮ್ನೆ ನೆನಪಿಡಿ, ಮನೆ ನೋಡಲು ಬೆಳಿಗ್ಗೆ 10 ಗಂಟೆಗೆ ಹೋದವರಿಗೆ ಈ ಗೋಡೆಯ ಗುಣ ಗೊತ್ತಾಗುವುದೇ ಇಲ್ಲ.

ಈಗ ಒಂದು ಲೆಕ್ಕ ಮಾಡೋಣ, ಕಾಗದ ಇದ್ದವರು ಬರೆದುಕೊಳ್ಳಿ. 20 ಅಡಿ ಅಗಲ, 40 ಅಡಿ ಉದ್ದದ ಎರಡು ಮಹಡಿಯ ಮನೆ. ಎತ್ತರ 20 ಅಡಿ. ಇದು ಬಿಡಿ ಮನೆಯಾಗಿದ್ದರೆ ಸುತ್ತಳತೆ 120 ಅಡಿ. ಗುಣಿಸು 20. ಅಂದರೆ 2,400 ಚದರ ಅಡಿ ಗೋಡೆ ಬಿಸಿಲಿಗೆ. ಮೇಲೆ ಛತ್ತು 800 ಚದರ ಅಡಿ. ಒಟ್ಟು 3,200. ಇದೇ ಮನೆ ಸಾಲಿನ ನಡುವೆ ಇದೆ ಅನ್ನಿ. ಉದ್ದನೆಯ ಎರಡು ಗೋಡೆ, ತಲಾ 800 ಚದರ ಅಡಿ, ಪಕ್ಕದ ಮನೆಗಳ ನೆರಳಿಗೆ ಹೋದವು. ಉಳಿದದ್ದು ಮುಂದೆ 400, ಹಿಂದೆ 400, ಛತ್ತು 800. ಒಟ್ಟು 1,600. ಸರಿ ಅರ್ಧ.

ಬೆಂಗಳೂರಿನಲ್ಲಿ ಇದು ಅಷ್ಟು ದೊಡ್ಡ ವಿಷಯ ಆಗಲಿಕ್ಕಿಲ್ಲ. ನಮ್ಮ ಊರಲ್ಲಿ ಮಾರ್ಚ್‌ನಿಂದ ಜೂನ್ ತನಕ ಇದೇ ಮುಖ್ಯ ವಿಷಯ. ಬಿಡಿ ಮನೆಯ ಬೆಲೆ ಬ್ರೋಶರಿನಲ್ಲಿ ಹಾಕಿರುತ್ತಾರೆ. ಮಲಗುವ ಕೋಣೆಗೆ ಎಷ್ಟು ಟನ್ ಎಸಿ ಬೇಕಾಗುತ್ತದೆ ಅಂತ ಹಾಕಿರುವುದಿಲ್ಲ.

ಛತ್ತಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗೋಡೆ ಹಂಚಿಕೊಂಡರೂ ಛತ್ತು ಹಂಚಿಕೊಳ್ಳಲು ಆಗುವುದಿಲ್ಲ. ಮೇ ತಿಂಗಳ ಮೊದಲ ಹದಿನೈದು ದಿನದೊಳಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆಗ ಎಲ್ಲಕ್ಕಿಂತ ಜಾಸ್ತಿ ಕಾಯುವುದು ಛತ್ತು. ಸಾಲುಮನೆ ಇರಲಿ ಬಿಡಿ ಮನೆ ಇರಲಿ, ಮೇಲೆ ಬಿಳಿ ಟೈಲ್ಸ್ ಚೂರು ಹಾಕಿಸಿ. ಆಗದಿದ್ದರೆ ವರ್ಷಕ್ಕೊಮ್ಮೆ ಸುಣ್ಣ ಹೊಡೆಸಿ. ಇದರಲ್ಲಿ ವಾದವೇ ಇಲ್ಲ.

ಇನ್ನು ಮುಖದ ಮಾತು. ಎಲ್ಲರಿಗೂ ಪೂರ್ವದ ಬಾಗಿಲು ಬೇಕು. ನಂಬಿಕೆಯ ವಿಷಯ, ನಾನು ಅದನ್ನು ತೆಗೆದುಹಾಕುವುದಿಲ್ಲ. ಆದರೆ ಸಾಲುಮನೆಯಲ್ಲಿ ಪೂರ್ವಕ್ಕೆ ಬಾಗಿಲು ಅಂದರೆ ಹಿಂದಿನ ಗೋಡೆ ಪಶ್ಚಿಮಕ್ಕೆ ಬಂತು. ಹಂಚಿಕೊಂಡ ಗೋಡೆಗಳು ಉತ್ತರ ಮತ್ತು ದಕ್ಷಿಣದವು. ಬಿಸಿಲು ಅಷ್ಟಾಗಿ ಬೀಳದ ಗೋಡೆಗಳನ್ನು ಮುಚ್ಚಿ, ಸುಡುವ ಎರಡು ಗೋಡೆಗಳನ್ನು ತೆರೆದಿಟ್ಟ ಹಾಗೆ ಆಯಿತು. ಅದೇ ಬಾಗಿಲು ಉತ್ತರಕ್ಕಿದ್ದರೆ ಪೂರ್ವ, ಪಶ್ಚಿಮದ ಗೋಡೆ ಎರಡೂ ಪಕ್ಕದ ಮನೆಗಳ ಹಿಂದೆ ಅಡಗುತ್ತವೆ. ನನ್ನ ಮಾತು ಕೇಳುವುದಾದರೆ, ಕಲಬುರಗಿಯಲ್ಲಿ ಉತ್ತರಕ್ಕೆ ಮುಖ ಮಾಡಿದ, ಸಾಲಿನ ನಡುವಿನ ಮನೆ ಸಿಕ್ಕರೆ ಬಿಡಬೇಡಿ. ಸಾಲಿನ ಪಶ್ಚಿಮದ ತುದಿಯ ಮನೆಗೆ ಜಾಸ್ತಿ ರೇಟು ಹೇಳುತ್ತಾರೆ, ಕಾರ್ನರ್ ಅಂತ. ಆ ಜಾಸ್ತಿ ದುಡ್ಡು ಕೊಟ್ಟು ನೀವು ಕೊಳ್ಳುವುದು ಒಂದು ಸುಡುವ ಗೋಡೆಯನ್ನು.

ನಡುವಿನ ಮನೆಯಲ್ಲಿ ಕೊರತೆ ಇಲ್ಲ ಅಂತಲ್ಲ. ದೊಡ್ಡ ಕೊರತೆ ಬೆಳಕಿನದು. ಮುಂದೆ ಕಿಟಕಿ, ಹಿಂದೆ ಕಿಟಕಿ, ನಡುವಿನ 40 ಅಡಿಯಲ್ಲಿ ಊಟದ ಕೋಣೆಯೋ ದೇವರ ಕೋಣೆಯೋ ಹಗಲಲ್ಲೂ ಕತ್ತಲು. ನಮ್ಮ ಹಿರಿಯರು ಇದಕ್ಕೆ ಅಂಗಳ ಬಿಟ್ಟಿದ್ದರು. ಕೋಟೆಯೊಳಗಿನ ಜಾಮಿ ಮಸೀದಿ ನೋಡಿದ್ದೀರಿ ಅಲ್ವಾ? 1367ರಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ಮಸೀದಿಗೆ ನಡುವೆ ತೆರೆದ ಅಂಗಳ ಇರುತ್ತದೆ. ಇದಕ್ಕೆ ಇಲ್ಲ. ಪೂರ್ತಿ ಮೇಲೆ ಮುಚ್ಚಿದ್ದಾರೆ, ಗುಮ್ಮಟಗಳ ಸಾಲು. ಬೆಳಕು ಬರುವುದು ಬದಿಯ ಅಗಲವಾದ ಕಮಾನುಗಳಿಂದ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಒಳಗೆ ನಿಂತು ನೋಡಿ. ಹೊರಗಿನ ಬಿಸಿಲಿಗೂ ಒಳಗಿನ ನೆರಳಿಗೂ ಎಷ್ಟು ವ್ಯತ್ಯಾಸ ಅಂತ ಮೈಗೇ ತಿಳಿಯುತ್ತದೆ. ನಾನು ಹೊಸ ಹುಡುಗರು ಕೆಲಸಕ್ಕೆ ಸೇರಿದರೆ ಮೊದಲ ವಾರ ಅಲ್ಲಿಗೇ ಕಳಿಸುತ್ತೇನೆ. ಮೇಲೆ ಮುಚ್ಚಿದರೆ ಬದಿಗೆ ತೆರೆಯಬೇಕು, ಬದಿಗೆ ಮುಚ್ಚಿದರೆ ಮೇಲೆ ತೆರೆಯಬೇಕು. ಸಾಲುಮನೆಯಲ್ಲಿ ಬದಿ ಮುಚ್ಚಿದ್ದೇವೆ. ಹಾಗಾದರೆ ಮೇಲೆ ಎಲ್ಲಿ ತೆರೆದಿದ್ದಾರೆ ಅಂತ ಬಿಲ್ಡರನ್ನು ಕೇಳಿ. ಕನಿಷ್ಠ ಐದಾರು ಅಡಿಯ ಒಂದು ಡಕ್ಟು, ಆಕಾಶ ಕಾಣುವ ಹಾಗೆ, ಮನೆಯ ನಡುವೆ ಇರಬೇಕು. ಇಲ್ಲದಿದ್ದರೆ ಆ ಮನೆ ಬೇಡ. ತೋರಿಸಲು ಕರೆದಾಗ ಮಧ್ಯಾಹ್ನ ಹೋಗಿ, ಎಲ್ಲ ಲೈಟ್ ಆರಿಸಿ, ನಡುವಿನ ಕೋಣೆಯಲ್ಲಿ ನಿಂತು ಪೇಪರ್ ಓದಿ.

ಬಿಡಿ ಮನೆಯಲ್ಲಿ ನಾಲ್ಕೂ ಕಡೆ ಕಿಟಕಿ ಇರುತ್ತದಲ್ಲ ಅಂತ ಕೇಳುತ್ತೀರಿ. ಇರುತ್ತದೆ. ನಿಮ್ಮ ಕಿಟಕಿಯ ಎದುರಿಗೆ ಆರು ಅಡಿ ದೂರದಲ್ಲಿ ಅವರ ಕಿಟಕಿ. ಅವರು ಸಂದಿ ಸರಿಯಾಗಿ ಬಿಟ್ಟಿದ್ದರೆ ಆರು, ಇಲ್ಲದಿದ್ದರೆ ನಾಲ್ಕು. ಪರದೆ ಎಳೆದದ್ದು ವರ್ಷಗಟ್ಟಲೆ ಸರಿಸುವುದೇ ಇಲ್ಲ. ನಾಳೆ ಪಕ್ಕದವರು ಮೇಲೆ ಎರಡು ಮಹಡಿ ಎಬ್ಬಿಸಿದರೆ ನೀವು ಕೇಳುವ ಹಾಗೂ ಇಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಕಿಟಕಿಯ ಬೆಳಕು ವಾಡಿಕೆಯಿಂದ ನಿಮ್ಮ ಹಕ್ಕು ಆಗಬೇಕಾದರೆ 20 ವರ್ಷ ತಡೆಯಿಲ್ಲದೆ ಅನುಭವಿಸಿರಬೇಕು. ಹೊಸ ಲೇಔಟಿನಲ್ಲಿ ಯಾರಿಗೆ 20 ವರ್ಷ ಆಗಿರುತ್ತದೆ?

ಈಗ ಆ ಸಂದಿಯ ಬೆಲೆ ಹೇಳುತ್ತೇನೆ. 30×40 ಪ್ಲಾಟಿನಲ್ಲಿ ಎರಡೂ ಬದಿಗೆ ಮೂರು ಮೂರು ಅಡಿ, 40 ಅಡಿ ಉದ್ದ. 240 ಚದರ ಅಡಿ. ನೀವು ಕೊಂಡ 1,200ರಲ್ಲಿ ಐದನೇ ಒಂದು ಪಾಲು. ಪ್ಲಾಟಿನ ರೇಟು ಚದರ ಅಡಿಗೆ 2,000 ಅಂತ ಹಿಡಿದರೂ 4,80,000 ರೂಪಾಯಿ. ಹಳೆ ಕೂಲರ್ ಇಡಲು. ಗೋಡೆಗೆ ಬಣ್ಣ ಹಚ್ಚಿಸಬೇಕಾದರೆ ಆ ಸಂದಿಯಲ್ಲಿ ಪೇಂಟರಿಗೆ ಪರಾಂಚಿ ಕಟ್ಟಲು ಜಾಗ ಸಾಲುವುದಿಲ್ಲ. ನನ್ನ ಮನೆಯ ಪೂರ್ವದ ಗೋಡೆಗೆ ಕಟ್ಟಿದಾಗ ಹಚ್ಚಿದ ಬಣ್ಣವೇ ಇದೆ. ಮಳೆ ನೀರು ಇಳಿದು ಗಿಲಾವು, ಅಂದರೆ ಪ್ಲಾಸ್ಟರ್, ಉಬ್ಬಿದೆ. ನೋಡಿದಾಗೆಲ್ಲ ಬೇಜಾರಾಗುತ್ತದೆ.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮದು ಎರೆಭೂಮಿ. ತೊಗರಿಗೆ ಒಳ್ಳೆಯದು, ಮನೆಗೆ ಕಷ್ಟ. ಕರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುತ್ತದೆ ಅಲ್ವಾ? ಅದೇ ಮಣ್ಣು ಮನೆಯ ಕೆಳಗೂ ಇರುತ್ತದೆ. ಇಡೀ ಮನೆಯ ಕೆಳಗೆ ಒಂದೇ ಸಮ ಉಬ್ಬಿದರೆ ತೊಂದರೆ ಕಡಿಮೆ. ಒಂದು ಮೂಲೆಯಲ್ಲಿ ಮಾತ್ರ ಒದ್ದೆಯಾಗಿ ಅಲ್ಲೊಂದೇ ಕಡೆ ಎತ್ತಿದರೆ ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ.

ನಾನು ನೋಡಿದ ಒಂದು ಸಾಲು ಹೇಳುತ್ತೇನೆ. ಯಾವ ಲೇಔಟ್ ಅಂತ ಬೇಡ. ಆರು ಮನೆ. ತುದಿಯ ಮನೆಯವರು ಗೋಡೆಗೆ ಹತ್ತಿಸಿ ಹೂವಿನ ಮಡಿ ಮಾಡಿದ್ದರು. ದಿನಾ ಪೈಪು ಹಿಡಿದು ನೀರು. ಎರಡು ವರ್ಷದಲ್ಲಿ ಬಿರುಕು ಬಂತು. ಬಿರುಕು ಕಂಡದ್ದು ಅವರ ಮನೆಯಲ್ಲಷ್ಟೇ ಅಲ್ಲ, ಎರಡನೇ ಮನೆಯ ಅಡುಗೆ ಕೋಣೆಯಲ್ಲೂ. ಎರಡು ಮನೆಗೂ ಒಂದೇ ಕಂಬ, ಒಂದೇ ಪಾಯ. ಇವರು ಗಿಡಕ್ಕೆ ಹಾಕಿದ ನೀರು ಅವರ ಗೋಡೆ ಸೀಳಿತು. ಅಕ್ಕಪಕ್ಕದವರು ಅಲ್ಲಿಂದ ಮಾತು ಬಿಟ್ಟರು. ನೋವಿನ ಸಂಗತಿ ಅದು, ಅದಕ್ಕೂ ಮೊದಲು ಹಬ್ಬದ ಹೋಳಿಗೆ ಕೊಟ್ಟು ತಗೊಂಡು ಮಾಡುತ್ತಿದ್ದವರು.

ಹಾಗಾಗಿ ಸಾಲುಮನೆ ಕೊಳ್ಳುವವರು ಟೈಲ್ಸ್ ಯಾವ ಕಂಪನಿದು ಅಂತ ಕೇಳುವ ಮೊದಲು ಪಾಯ ಹೇಗೆ ಹಾಕಿದ್ದಾರೆ ಅಂತ ಕೇಳಿ. ಕರಿಮಣ್ಣು ತೆಗೆದು ಮುರುಮು, ಅಂದರೆ ಗರಸು ಮಣ್ಣು, ತುಂಬಿ ದಮ್ಮಸ್ಸು ಮಾಡಿದ್ದಾರಾ? ಗಟ್ಟಿ ನೆಲ ಮುಟ್ಟುವ ತನಕ ಹೋಗಿದ್ದಾರಾ? ಇಲ್ಲ ಅಂಡರ್‌ರೀಮ್ಡ್ ಪೈಲ್ ಹಾಕಿದ್ದಾರಾ? ಬುಡದಲ್ಲಿ ಗಡ್ಡೆಯ ಹಾಗೆ ದಪ್ಪ ಮಾಡಿದ ಕಾಂಕ್ರೀಟ್ ಕಂಬ ಅದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗಾಗಿಯೇ ರೂಢಿಗೆ ತಂದದ್ದು. ಮಣ್ಣು ಮೇಲೆ ಎಷ್ಟೇ ಆಡಿದರೂ ಆಳದಲ್ಲಿ ತೇವ ಬದಲಾಗದ ಕಡೆ ಅದು ಹಿಡಿದು ನಿಲ್ಲುತ್ತದೆ. ಎರಡನೇ ಪ್ರಶ್ನೆ, ಪ್ರತಿ ಮನೆಗೆ ಬೇರೆ ಕಂಬ ಇದೆಯಾ, ಇಲ್ಲ ಇಬ್ಬರಿಗೂ ಒಂದೇ ಕಂಬವಾ? ಬೇರೆ ಬೇರೆ ಕಂಬ, ನಡುವೆ ಒಂದು ಇಂಚು ಸಂದು, ಆ ಸಂದಿನ ಬಾಯಿಗೆ ಮೇಲೆ ನೀರು ಇಳಿಯದ ಹಾಗೆ ಮುಚ್ಚಿಗೆ. ಇದು ಸರಿಯಾದ ಕೆಲಸ. ಖರ್ಚು ಸ್ವಲ್ಪ ಜಾಸ್ತಿ, ಅದಕ್ಕೇ ಬಹಳ ಜನ ಮಾಡುವುದಿಲ್ಲ.

ಉದ್ದನೆಯ ಸಾಲು ಬಿಸಿಲಿಗೆ ಹಿಗ್ಗುತ್ತದೆ ಕೂಡ. 45 ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 13 ಮಿಲಿಮೀಟರ್ ಹಿಗ್ಗುತ್ತದೆ. ಅರ್ಧ ಇಂಚು. ಅದಕ್ಕೇ ಐಎಸ್ 456 ಅನ್ನುವ ಭಾರತೀಯ ಮಾನಕ, 45 ಮೀಟರಿಗಿಂತ ಉದ್ದ ಇದ್ದರೆ ನಡುವೆ ಕೀಲು, ಅಂದರೆ ಹಿಗ್ಗಲು ಜಾಗ ಕೊಡುವ ಸಂದು, ಬಿಡಬೇಕು ಅನ್ನುತ್ತದೆ. 20 ಅಡಿಯ ಮನೆಗಳಾದರೆ ಏಳು ಮನೆ. ಎಂಟನೇ ಮನೆ ಒಂದೇ ಉಸಿರಿಗೆ ಕಟ್ಟಿದ್ದರೆ ಕೀಲು ಎಲ್ಲಿದೆ ಅಂತ ತೋರಿಸಲು ಹೇಳಿ.

ಇಲ್ಲಿ ಹಳೇ ಮನೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆಗಿನಿಂದ ಮಾಳಿಗೆ ಮನೆ ತಂಪು ಅಂತ ಹೊಗಳುತ್ತಿದ್ದೇನೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ನಮ್ಮ ಓಣಿಯವರೆಲ್ಲ ಬೀದಿಗೆ ಓಡಿ ಬಂದಿದ್ದೆವು. ಕಿಲ್ಲಾರಿ ಕಡೆ ಸಾವಿರಾರು ಜನ ಸತ್ತದ್ದು ಇಂಥದೇ ಮನೆಗಳಲ್ಲಿ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಅದು ಮಲಗಿದವರ ಮೇಲೆ ಕುಸಿಯಿತು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಭೂಮಿ ನಡುಗುತ್ತದೆ ಅಂತ ರಾತ್ರಿಯೆಲ್ಲ ಹೊರಗೆ ಮಲಗಿದ್ದನ್ನು ನೀವು ಮರೆತಿರಲಿಕ್ಕಿಲ್ಲ. ಹಿರಿಯರ ನೆರಳು ಬೇಕು, ಅವರ ಮಣ್ಣಿನ ಗಾರೆ ಬೇಡ. ಕಂಬ, ತೊಲೆ ಇರುವ ಕಾಂಕ್ರೀಟ್ ಚೌಕಟ್ಟಿನ ಮನೆಯೇ ಬೇಕು.

ಸಪ್ಪಳದ ಬಗ್ಗೆ ಮುಂದಿನ ಸಾಲಿನ ಅಕ್ಕ ಕೇಳಿದರು. ನಮ್ಮ ಕಡೆ ಪಕ್ಕದ ಮನೆ ಸಪ್ಪಳ ಅಂದರೆ ಮೊದಲು ರೊಟ್ಟಿ ಬಡಿಯುವುದು. ಬೆಳಿಗ್ಗೆ ಆರಕ್ಕೆ ಶುರು. ಅಡುಗೆ ಕಟ್ಟೆಯ ಕಲ್ಲನ್ನು ಸಾಮಾಯಿಕ ಗೋಡೆಯೊಳಗೆ ತೂರಿಸಿದ್ದರೆ ಪ್ರತಿ ಏಟೂ ಆಚೆ ಮನೆಯ ಮಂಚಕ್ಕೆ ಮುಟ್ಟುತ್ತದೆ. ಕಟ್ಟೆಯನ್ನು ಬೇರೆ ಗೋಡೆಗೆ ಹಾಕಿದ್ದರೆ, ಇಲ್ಲ ಗೋಡೆಯಿಂದ ಬಿಡಿಸಿ ತನ್ನದೇ ಕಾಲಿನ ಮೇಲೆ ನಿಲ್ಲಿಸಿದ್ದರೆ ಮುಕ್ಕಾಲು ತೊಂದರೆ ಇರುವುದಿಲ್ಲ. ಇನ್ನೊಂದು, ಸ್ವಿಚ್ ಬೋರ್ಡು. ಈ ಮನೆಯ ಡಬ್ಬಿಯ ಬೆನ್ನಿಗೇ ಆ ಮನೆಯ ಡಬ್ಬಿ ಕೂರಿಸಿದರೆ ನಡುವೆ ಗೋಡೆಯೇ ಉಳಿಯುವುದಿಲ್ಲ. ಮಾತು ಮಾತೂ ಕೇಳುತ್ತದೆ. ನಾಲ್ಕೂವರೆ ಇಂಚಿನ ಒಂಟಿ ಗೋಡೆಯಾಗಿದ್ದರೆ ಆ ಮನೆಯನ್ನೇ ಬಿಟ್ಟುಬಿಡಿ. ಒಂಬತ್ತು ಇಂಚು, ಎರಡೂ ಕಡೆ ಗಿಲಾವು. ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಈಗ ಬಿಡಿ ಮನೆಯ ಪರವಾಗಿ ಮಾತಾಡುತ್ತೇನೆ. ಮನಸ್ಸಿನಿಂದಲೇ ಮಾತಾಡುತ್ತೇನೆ, ಯಾಕೆಂದರೆ ಕೆಲವು ಕುಟುಂಬಗಳಿಗೆ ಬೇರೆ ದಾರಿ ಇಲ್ಲ. ನಮ್ಮ ಊರಿನ ಎಷ್ಟೋ ಮನೆಗಳ ಛತ್ತಿನ ಮೇಲೆ ಕಂಬದ ಸರಳುಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಹೊರಗಿನವರು ನೋಡಿದರೆ ಅರ್ಧಕ್ಕೆ ಬಿಟ್ಟ ಕೆಲಸ ಅನ್ನುತ್ತಾರೆ. ನಮಗೆ ಗೊತ್ತು ಅದೇನು ಅಂತ. ಮಗನ ಮದುವೆ ಆದ ಮೇಲೆ ಮೇಲೊಂದು ಮನೆ ಎಬ್ಬಿಸೋಣ, ಇಲ್ಲ ಬಾಡಿಗೆಗೆ ಕೊಡೋಣ. ಆ ಸರಳಿನಲ್ಲಿ ಮುಂದಿನ ಇಪ್ಪತ್ತು ವರ್ಷದ ಯೋಚನೆ ಇದೆ. ಸಾಲುಮನೆಯಲ್ಲಿ ಇದು ಆಗುವುದಿಲ್ಲ. ಒಬ್ಬರು ಮೇಲೆ ಕಟ್ಟಿದರೆ ಸಾಲಿನ ಭಾರ ಹೆಚ್ಚು ಕಡಿಮೆ ಆಗುತ್ತದೆ. ಬಡಾವಣೆಯ ನಿಯಮವೂ ಬಿಡುವುದಿಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರೂ ಇದೇ ಊರಲ್ಲಿ ಇರುವವರು ಅಂತಾದರೆ ಬಿಡಿ ಮನೆಯೇ ತಗೊಳ್ಳಿ. ಮನೆ ಮುಂದೆ ಹಂದರ ಹಾಕಿ ಮದುವೆ ಮಾಡಬೇಕು, ಶರಣಬಸವೇಶ್ವರ ಜಾತ್ರೆಗೆ ಹಳ್ಳಿಯಿಂದ ಬಂದ ಹದಿನೈದು ಜನರಿಗೆ ಮಲಗಲು ಜಾಗ ಬೇಕು ಅನ್ನುವವರಿಗೂ ಅದೇ ಸರಿ. ಮುಂದೆ ಮಾರುವಾಗಲೂ ನೆಲದ ಪಾಲು ಜಾಸ್ತಿ ಇರುವುದರಿಂದ ಕೈ ಮೇಲಾಗುತ್ತದೆ.

ಆದರೆ ಆಗ ಪ್ಲಾಟು 40 ಅಡಿ ಅಗಲ ಇರಲಿ. ಪಶ್ಚಿಮಕ್ಕೆ ಮೂರಡಿಯ ಬದಲು ಎಂಟು, ಹತ್ತು ಅಡಿ ಬಿಟ್ಟು ಒಂದು ಬೇವಿನ ಗಿಡ ಹಚ್ಚಿ, ಪಾಯದಿಂದ ಆದಷ್ಟು ದೂರಕ್ಕೆ. ಗೋಡೆಯ ಸುತ್ತ ಮೂರು ಅಡಿ ಫರ್ಸಿ ಹಾಸಿ, ನೀರು ಆಚೆ ಹರಿದುಹೋಗುವ ಹಾಗೆ ಇಳಿಜಾರು ಕೊಡಿ. ಅದು ಬಿಡಿ ಮನೆ. 30 ಅಡಿ ಅಗಲದ ಪ್ಲಾಟಿನಲ್ಲಿ ಎರಡೂ ಕಡೆ ಸಂದಿ ಬಿಟ್ಟು ಕಟ್ಟುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನೇ ಕಟ್ಟಿ, ಅದರಲ್ಲೇ ಇದ್ದು ಹೇಳುತ್ತಿರುವ ಮಾತು ಇದು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಎನ್‌ಎ ಆಗಿದೆಯಾ, ಅಂದರೆ ಕೃಷಿ ಜಮೀನು ಕೃಷಿಯೇತರ ಅಂತ ಬದಲಾಗಿದೆಯಾ, ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯಾ, ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನಂಬರ್ ಇದೆಯಾ ಅನ್ನುವುದನ್ನು ನೀವೆಲ್ಲ ನೋಡೇ ನೋಡುತ್ತೀರಿ. 2016ರ ರೇರಾ ಕಾಯ್ದೆಯಲ್ಲಿ ಎರಡು ಮಾತು ನೆನಪಿಡಿ. ನೋಂದಾಯಿತ ಕರಾರು ಆಗುವ ಮೊದಲು ಶೇಕಡಾ 10ಕ್ಕಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ಮನೆ ಕೈಗೆ ಬಂದ ಮೇಲೆ 5 ವರ್ಷದೊಳಗೆ ಕಟ್ಟಡದ ದೋಷ ಕಂಡು ತಿಳಿಸಿದರೆ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿ ಕೊಡಬೇಕು. ಕರಿಮಣ್ಣಿನ ಬಿರುಕು ಸಾಮಾನ್ಯವಾಗಿ ಮೊದಲ ಮೂರು ನಾಲ್ಕು ಮಳೆಗಾಲದಲ್ಲೇ ಕಾಣಿಸುತ್ತದೆ. ಫೋಟೋ ತೆಗೆದು, ತಾರೀಖು ಹಾಕಿ, ಬರವಣಿಗೆಯಲ್ಲಿ ಕೊಡಿ.

ಸಾಲುಮನೆಗೆ ಇನ್ನೂ ಒಂದು ಬೇಕು. ಖರೀದಿ ಪತ್ರದಲ್ಲಿ ಸಾಮಾಯಿಕ ಗೋಡೆ ಅಂತ ಬರೆಸಿ. ಅದರ ದಪ್ಪ ಎಷ್ಟು, ಯಾರೂ ಅದರಲ್ಲಿ ಕಪಾಟು ಕೊರೆಯುವ ಹಾಗಿಲ್ಲ, ಒಬ್ಬರು ಮನೆ ಕೆಡವಿದರೆ ಇನ್ನೊಬ್ಬರ ಗೋಡೆಗೆ ಆಸರೆ ಕೊಡುವ ಖರ್ಚು ಯಾರದು, ಚರಂಡಿ ಪೈಪು ಯಾರ ಹಿತ್ತಲಿನಿಂದ ಹೋಗುತ್ತದೆ, ಕಟ್ಟಿಕೊಂಡರೆ ತೆರೆಯಲು ಒಳಗೆ ಬರಲು ಬಿಡಬೇಕು. ಹಿಂದಿನ ಒಂದೇ ಪೈಪಿನಲ್ಲಿ ಆರು ಮನೆಯ ನೀರು ಹೋಗುವಾಗ ಕೆಳಗಿನ ಮನೆಯವರು ಬಾಗಿಲು ಹಾಕಿ ಊರಿಗೆ ಹೋಗಿದ್ದರೆ ಮೇಲಿನವರ ಬಚ್ಚಲು ತುಂಬುತ್ತದೆ. ನಮ್ಮ ಅಪ್ಪ, ಕಾಕಾ ಇದ್ದಾಗ ಇದನ್ನೆಲ್ಲ ಬಾಯಿಮಾತಲ್ಲೇ ಮಾಡಿಕೊಂಡಿದ್ದರು. ಗೊತ್ತಿಲ್ಲದವರ ಜೊತೆ ಗೋಡೆ ಹಂಚಿಕೊಳ್ಳುವಾಗ ಬರೆದಿಟ್ಟರೆ ಇಬ್ಬರಿಗೂ ನೆಮ್ಮದಿ.

ನಿಮ್ಮಲ್ಲಿ ನಾಲ್ಕೈದು ಜನ ನಕಾಶೆ ತಂದಿದ್ದೀರಿ, ಸುರುಳಿ ಸುತ್ತಿ ಇಟ್ಟುಕೊಂಡದ್ದು ಕಾಣುತ್ತಿದೆ. ಈ ಕಡೆ ಬನ್ನಿ, ಮೇಜಿನ ಮೇಲೆ ಹಾಸಿ. ಬೆಡ್‌ರೂಮ್ ಎಷ್ಟು ಅಂತ ಆಮೇಲೆ ನೋಡೋಣ. ಮೊದಲು ಉತ್ತರದ ಬಾಣ ಎಲ್ಲಿದೆ ಹುಡುಕೋಣ.